ಹೊಗೆಗೂ ಸುಂಕ: ನಾರ್ವೆಯ ತೈಲಬಾವಿಗಳ ಕಥೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬುದು ನಮ್ಮಲ್ಲಿ ಹಳೆಯ ಮಾತು. ಉಪ್ಪಿಗೆ, ಬಟ್ಟೆಗೆ, ಸಂತೆಗೆ ಹೋಗುವ ಗಾಡಿಗೆ, ಕೊನೆಗೆ ತಲೆಗೂ ಸುಂಕ ಹಾಕಿದ ದೊರೆಗಳನ್ನು ಚರಿತ್ರೆ ಕಂಡಿದೆ. ಇಂಗ್ಲೆಂಡಿನಲ್ಲಿ 1696ರಿಂದ ಒಂದೂವರೆ ಶತಮಾನ ಕಾಲ ಮನೆಯ ಕಿಟಕಿಗಳನ್ನು ಎಣಿಸಿ ತೆರಿಗೆ ವಸೂಲು ಮಾಡುತ್ತಿದ್ದರು. ಜನ ಏನು ಮಾಡಿದರು? ಕಿಟಕಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು, ಕತ್ತಲಲ್ಲೇ ಬದುಕಿದರು. ತೆರಿಗೆಗೆ ಎರಡು ಕೆಲಸಗಳಿವೆ. ಬೊಕ್ಕಸ ತುಂಬಿಸುವುದು ಒಂದು, ತೆರಬೇಕಾದವನ ನಡವಳಿಕೆಯನ್ನು ಬದಲಿಸುವುದು ಇನ್ನೊಂದು. ಎರಡನೆಯದು ಆಳುವವರು ಬಯಸಿದಂತೆಯೇ ಆಗುತ್ತದೆಂಬ ಖಾತ್ರಿ ಮಾತ್ರ ಇರುವುದಿಲ್ಲ.

1991ರ ಜನವರಿ 1ರಂದು ನಾರ್ವೆ ದೇಶ ಹೊಗೆಯ ಮೇಲೆ ಸುಂಕ ಹಾಕಿತು. ಸರಿಯಾಗಿ ಹೇಳುವುದಾದರೆ, ಇಂಧನ ಉರಿದಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡಿನ ಮೇಲೆ. ಕಣ್ಣಿಗೆ ಕಾಣದ, ಮೂಗಿಗೆ ಹತ್ತದ, ನಾವೆಲ್ಲ ಪ್ರತಿ ಉಸಿರಿನಲ್ಲೂ ಹೊರಬಿಡುವ ಅನಿಲ ಅದು. ಅದಕ್ಕೆ ಹಿಂದಿನ ವರ್ಷವೇ ಫಿನ್ಲೆಂಡ್ ಇಂಥದೊಂದು ತೆರಿಗೆ ತಂದಿತ್ತು. ಸ್ವೀಡನ್ ನಾರ್ವೆಯ ಜೊತೆಜೊತೆಗೇ ತಂದಿತು. ಆದರೆ ನಾರ್ವೆಯದು ವಿಶೇಷ ಸಂದರ್ಭ. ಅದು ಸ್ವತಃ ತೈಲ ತೆಗೆದು ಮಾರುವ ದೇಶ. ಸುಂಕದ ದೊಡ್ಡ ಹೊರೆ ಬಿದ್ದದ್ದು ಉತ್ತರ ಸಮುದ್ರದ ನಡುವೆ ನಿಂತ ತೈಲ ಮತ್ತು ಅನಿಲ ವೇದಿಕೆಗಳ ಮೇಲೆ, ಅಂದರೆ ದೇಶಕ್ಕೆ ಅನ್ನ ಹಾಕುತ್ತಿದ್ದ ಉದ್ಯಮದ ಮೇಲೆಯೇ. ಈ ಸುಂಕದಿಂದ ಏನಾಯಿತು, ಏನಾಗಲಿಲ್ಲ ಎಂಬುದು ಮೂರು ದಶಕಗಳ ನಂತರ ಇಂದು ಸಾಕಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಕಥೆ ಆರಂಭವಾಗುವುದು ಅದಕ್ಕೂ ಇಪ್ಪತ್ತು ವರ್ಷ ಹಿಂದೆ.

1969ರ ಕೊನೆಯ ಹೊತ್ತಿಗೆ ಫಿಲಿಪ್ಸ್ ಎಂಬ ಅಮೆರಿಕನ್ ಕಂಪನಿ ಉತ್ತರ ಸಮುದ್ರದಲ್ಲಿ ಎಕೋಫಿಸ್ಕ್ ಎಂಬ ಭಾರಿ ತೈಲ ನಿಕ್ಷೇಪವನ್ನು ಕಂಡುಹಿಡಿಯಿತು. ಅಲ್ಲಿಯವರೆಗೆ ನಾರ್ವೆ ಮೀನುಗಾರರ, ಹಡಗು ಮಾಲೀಕರ, ಜಲವಿದ್ಯುತ್ತಿನ ನಾಡು. ಇಂದು ತೈಲ ರಾಜಧಾನಿ ಎನಿಸಿಕೊಂಡ ಸ್ಟಾವಂಗರ್ ಪಟ್ಟಣ ಆಗ ಡಬ್ಬಿಯಲ್ಲಿ ಮೀನು ತುಂಬಿ ಮಾರುವ ಕಾರ್ಖಾನೆಗಳಿಗೆ ಹೆಸರಾಗಿತ್ತು. 1971ರಲ್ಲಿ ಎಕೋಫಿಸ್ಕ್‌ನಿಂದ ತೈಲ ಬರತೊಡಗಿತು. ತೈಲದ ಜೊತೆಗೆ, ಎಲ್ಲ ಕಡೆಯೂ ಆಗುವಂತೆ, ಅನಿಲವೂ ಬಂತು. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆ ಏಳುವ ಹಾಗೆ, ನೆಲದಾಳದ ಒತ್ತಡದಲ್ಲಿ ತೈಲದೊಳಗೆ ಕರಗಿದ್ದ ಅನಿಲ ಮೇಲೆ ಬಂದೊಡನೆ ಬೇರ್ಪಡುತ್ತದೆ. ತೈಲವನ್ನು ಹಡಗಿಗೆ ತುಂಬಿಸಬಹುದು. ಅನಿಲವನ್ನು ಸಾಗಿಸಲು ಕೊಳವೆಮಾರ್ಗ ಬೇಕು. ಕೊಳವೆ ಇಲ್ಲದಿದ್ದರೆ ಸುಲಭದ ದಾರಿ ಒಂದೇ: ಉದ್ದನೆಯ ಚಿಮಣಿಯ ತುದಿಯಲ್ಲಿ ಬೆಂಕಿ ಹಚ್ಚಿ ಸುಟ್ಟುಬಿಡುವುದು. ಜಗತ್ತಿನ ತೈಲಬಾವಿಗಳ ಚಿತ್ರಗಳಲ್ಲಿ ರಾತ್ರಿಯ ಆಕಾಶಕ್ಕೆ ನಾಲಗೆ ಚಾಚಿ ಉರಿಯುವ ಜ್ವಾಲೆ ಇದೇ. ಎಕೋಫಿಸ್ಕ್‌ನಲ್ಲೂ ಮೊದಲ ವರ್ಷಗಳಲ್ಲಿ ಅದು ಉರಿಯಿತು.

ಅದೇ 1971ರ ಜೂನ್ ತಿಂಗಳಲ್ಲಿ ನಾರ್ವೆಯ ಸಂಸತ್ತಿನ ಕೈಗಾರಿಕಾ ಸಮಿತಿ ಹತ್ತು ಸೂತ್ರಗಳನ್ನು ಮುಂದಿಟ್ಟಿತು. ‘ತೈಲದ ಹತ್ತು ಆಜ್ಞೆಗಳು’ ಎಂದು ಬೈಬಲಿನ ಧಾಟಿಯಲ್ಲಿ ಅವು ಹೆಸರಾಗಿವೆ. ದೇಶದ ತೈಲದ ಮೇಲೆ ದೇಶದ ಹತೋಟಿ ಇರಬೇಕು, ಸರ್ಕಾರದ್ದೇ ತೈಲ ಕಂಪನಿಯೊಂದು ಬೇಕು ಎಂಬಂಥ ಮಾತುಗಳ ನಡುವೆ ಒಂದು ಆಜ್ಞೆ ಹೀಗಿತ್ತು: ಬಳಕೆಗೆ ಬರುವ ಅನಿಲವನ್ನು ಪರೀಕ್ಷೆಯ ಅಲ್ಪಾವಧಿ ಬಿಟ್ಟರೆ ಸುಡಕೂಡದು. ಆಗ ಭೂಮಿ ಬಿಸಿಯಾಗುವ ವಿಷಯ ರಾಜಕಾರಣಿಗಳ ಬಾಯಲ್ಲಿ ಇರಲಿಲ್ಲ. ಉಪಯೋಗವಾಗುವ ವಸ್ತುವನ್ನು ಸುಟ್ಟು ಹಾಳು ಮಾಡಬಾರದೆಂಬ ಮಿತವ್ಯಯದ ಬುದ್ಧಿಯೇ ಅದರ ಹಿಂದಿದ್ದದ್ದು. ಅನ್ನ ಚೆಲ್ಲಬೇಡ ಎನ್ನುವ ಅಜ್ಜಿಯ ಬುದ್ಧಿ ಎನ್ನಬಹುದು.

ಆದರೆ ಇದನ್ನು ಪಾಲಿಸುವುದು ಸುಲಭವಾಗಿರಲಿಲ್ಲ. ಎಕೋಫಿಸ್ಕ್ ಮತ್ತು ನಾರ್ವೆಯ ಕರಾವಳಿಯ ನಡುವೆ ಸಮುದ್ರದ ತಳದಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ಆಳದ ಕಂದಕವಿದೆ. ಅದನ್ನು ದಾಟಿ ಕೊಳವೆ ಹಾಕುವ ತಂತ್ರ ಆಗ ಕೈಗೆ ಬಂದಿರಲಿಲ್ಲ. ಹಾಗಾಗಿ ಅನಿಲದ ಕೊಳವೆ ದಕ್ಷಿಣಕ್ಕೆ ತಿರುಗಿ ಜರ್ಮನಿಯ ಎಮ್ಡೆನ್ ಬಂದರನ್ನು ಸೇರಿತು. ಅದು ಮುಗಿದದ್ದು 1977ರಲ್ಲಿ. ಅಷ್ಟರೊಳಗೆ, 1975ರಿಂದಲೇ, ಎಕೋಫಿಸ್ಕ್‌ನಲ್ಲಿ ಅನಿಲವನ್ನು ಸಂಪೀಡಿಸಿ ಬಂದ ದಾರಿಯಲ್ಲೇ ನೆಲದೊಳಗೆ ಹಿಂದಕ್ಕೆ ತಳ್ಳಲು ಆರಂಭಿಸಿದ್ದರು. 1979ರಲ್ಲಿ ಉತ್ಪಾದನೆ ಆರಂಭಿಸಿದ ಸ್ಟಾಟ್‌ಫ್ಯೋರ್ಡ್ ಎಂಬ ಇನ್ನೂ ದೊಡ್ಡ ನಿಕ್ಷೇಪದಲ್ಲಿ 1985ರವರೆಗೆ, ಅಂದರೆ ಆ ಕಂದಕವನ್ನು ದಾಟುವ ಕೊಳವೆ ಸಿದ್ಧವಾಗುವವರೆಗೆ, ಅನಿಲವನ್ನು ಹೀಗೆಯೇ ನೆಲಕ್ಕೆ ಮರಳಿಸಿದರು.

ಇಲ್ಲೊಂದು ಸ್ವಾರಸ್ಯವಿದೆ. ನೆಲದೊಳಗೆ ಅನಿಲ ತುಂಬಿಸುವುದು ದಂಡದ ಖರ್ಚೆಂದು ಕಂಪನಿಗಳು ಮೊದಲಿಗೆ ಗೊಣಗಿದರೂ, ಆ ಅನಿಲ ಒಳಗಿನ ಒತ್ತಡವನ್ನು ಉಳಿಸಿ ಇನ್ನಷ್ಟು ತೈಲವನ್ನು ಮೇಲಕ್ಕೆ ನೂಕುತ್ತದೆ. 1991ರಿಂದ ಓಸೆಬರ್ಗ್ ಎಂಬ ನಿಕ್ಷೇಪದಲ್ಲಿ ಪಕ್ಕದ ಟ್ರೋಲ್‌ನಿಂದ ಅನಿಲವನ್ನು ತರಿಸಿಕೊಂಡೇ ತುಂಬಿಸಿದರು. ಸುಡಬಾರದೆಂಬ ನಿಷೇಧ ಕೊನೆಗೆ ಹೆಚ್ಚು ತೈಲ ತೆಗೆಯುವ ವಿದ್ಯೆಯನ್ನು ಕಲಿಸಿತು. ಪರಿಸರದ ದೃಷ್ಟಿಯಿಂದ ಇದನ್ನು ಪೂರ್ತಿ ಶುಭವಾರ್ತೆ ಎನ್ನಬೇಕೋ ಬೇಡವೋ, ಅದು ಬೇರೆ ಪ್ರಶ್ನೆ. ಮುಂದೆಯೂ ಆ ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ.

ಸ್ಲೈಪ್ನರ್‌ನ ಸಮಸ್ಯೆ

1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ‘ನಮ್ಮೆಲ್ಲರ ಭವಿಷ್ಯ’ ಎಂಬ ವರದಿ ನೀಡಿತು. ಬರುವ ತಲೆಮಾರಿನ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವ ಅಭಿವೃದ್ಧಿಯ ಮಾತು ಜಗತ್ತಿನ ಕಿವಿಗೆ ಬಿದ್ದದ್ದು ಈ ವರದಿಯಿಂದ. ಆಯೋಗದ ಅಧ್ಯಕ್ಷೆ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಆಗ ನಾರ್ವೆಯ ಪ್ರಧಾನಿಯೂ ಆಗಿದ್ದರು. ಊರಿಗೆಲ್ಲ ಬುದ್ಧಿ ಹೇಳಿದ ಮೇಲೆ ಮನೆಯಲ್ಲೂ ಏನಾದರೂ ಮಾಡಿ ತೋರಿಸಬೇಕಾದ ಒತ್ತಡ ನಾರ್ವೆಯ ಮೇಲಿತ್ತು. ಆದರೆ ಆ ದೇಶದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಜಲಪಾತಗಳಿಂದ ಬರುವಂಥದು. ಮುಚ್ಚೋಣವೆಂದರೆ ಕಲ್ಲಿದ್ದಲಿನ ಸ್ಥಾವರಗಳೇ ಇಲ್ಲ. ಹೊಗೆ ಇದ್ದದ್ದು ವಾಹನಗಳಲ್ಲಿ, ಕೆಲವು ಕಾರ್ಖಾನೆಗಳಲ್ಲಿ ಮತ್ತು ಸಮುದ್ರದ ಮೇಲೆ. ವೇದಿಕೆಗಳಲ್ಲಿ ಉರಿಸುವ ಪ್ರತಿ ಘನ ಮೀಟರ್ ಅನಿಲಕ್ಕೆ, ಪ್ರತಿ ಲೀಟರ್ ಡೀಸೆಲ್‌ಗೆ 60 ಓರೆ, ಅಂದರೆ ಒಂದು ಕ್ರೋನಿನ ನೂರರಲ್ಲಿ ಅರವತ್ತು ಪಾಲು, ಎಂದು ಸುಂಕ ನಿಗದಿಯಾಯಿತು. ಮುಂದಿನ ವರ್ಷಗಳಲ್ಲಿ ದರ ಏರಿತು. 1990ರ ದಶಕದ ನಡುವಿನ ಹೊತ್ತಿಗೆ ಅದು ಟನ್ ಇಂಗಾಲದ ಡೈ ಆಕ್ಸೈಡಿಗೆ ಸುಮಾರು 50 ಡಾಲರ್‌ನಷ್ಟಾಗಿತ್ತು. ಆ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ.

ಇದೇ ಸಮಯಕ್ಕೆ ಸರ್ಕಾರಿ ಕಂಪನಿ ಸ್ಟಾಟಾಯಿಲ್ (2018ರಿಂದ ಇದರ ಹೆಸರು ಈಕ್ವಿನಾರ್) ಸ್ಲೈಪ್ನರ್ ಎಂಬ ಅನಿಲ ಕ್ಷೇತ್ರಗಳನ್ನು ಅಭಿವೃದ್ಧಿ ಪಡಿಸುವ ತಯಾರಿಯಲ್ಲಿತ್ತು. ಸ್ಲೈಪ್ನರ್ ಎಂದರೆ ನಾರ್ವೆಯ ಪುರಾಣದಲ್ಲಿ ಓಡಿನ್ ದೇವರ ಎಂಟು ಕಾಲಿನ ಕುದುರೆ. ಈ ಕುದುರೆಯ ಗ್ರಹಚಾರ ಮಾತ್ರ ಸರಿ ಇರಲಿಲ್ಲ. ಮೊದಲು ಬ್ರಿಟನ್ನಿಗೆ ಅನಿಲ ಮಾರುವ ಒಪ್ಪಂದ ಕುದುರಿತ್ತು. 1985ರಲ್ಲಿ ಥ್ಯಾಚರ್ ಸರ್ಕಾರ ಅದಕ್ಕೆ ಕಲ್ಲು ಹಾಕಿತು. 1986ರಲ್ಲಿ ಯೂರೋಪು ಖಂಡದ ಗಿರಾಕಿಗಳು ಸಿಕ್ಕರು. 1991ರ ಆಗಸ್ಟ್ 23ರಂದು ಇನ್ನೊಂದು ಆಘಾತ. ಸ್ಲೈಪ್ನರ್-ಎ ವೇದಿಕೆಗಾಗಿ ಕಟ್ಟಿದ ಕಾಂಕ್ರೀಟಿನ ಬೃಹತ್ ಬುಡವನ್ನು ಸ್ಟಾವಂಗರ್ ಬಳಿಯ ಗಾಂಡ್ಸ್‌ಫ್ಯೋರ್ಡ್ ಕೊಲ್ಲಿಯಲ್ಲಿ ನೀರಿಗಿಳಿಸಿ ಪರೀಕ್ಷಿಸುತ್ತಿದ್ದಾಗ ಗೋಡೆಯೊಂದು ಸೀಳಿ ಇಡೀ ರಚನೆ ಮುಳುಗಿಹೋಯಿತು. ತಳಕ್ಕೆ ಅಪ್ಪಳಿಸಿದ ಹೊಡೆತ ಭೂಕಂಪ ಮಾಪಕಗಳಲ್ಲಿ 3ರ ತೀವ್ರತೆಯ ಕಂಪನವಾಗಿ ದಾಖಲಾಯಿತು. ಪ್ರಾಣಹಾನಿಯಾಗಲಿಲ್ಲ. ಗಣಕಯಂತ್ರದಲ್ಲಿ ಗೋಡೆಗಳ ಮೇಲಿನ ಬಲವನ್ನು ಲೆಕ್ಕ ಹಾಕುವಾಗ ಅದನ್ನು ಅರ್ಧದಷ್ಟು ಕಡಿಮೆ ಅಂದಾಜು ಮಾಡಿದ್ದು ಕಾರಣವೆಂದು ಆಮೇಲೆ ತಿಳಿಯಿತು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಪ್ರಕರಣವನ್ನು ಪಾಠವಾಗಿ ಹೇಳುತ್ತಾರೆ. ಎರಡೇ ವರ್ಷಗಳಲ್ಲಿ ಹೊಸ ಬುಡ ಕಟ್ಟಿ 1993ರಲ್ಲಿ ಅನಿಲ ಹರಿಸಲಾಯಿತು.

ಇವೆಲ್ಲಕ್ಕಿಂತ ಮುಂದಿನ ಕಾಲಕ್ಕೆ ಮುಖ್ಯವಾದದ್ದು ಪಕ್ಕದ ಸ್ಲೈಪ್ನರ್ ಪಶ್ಚಿಮ ಕ್ಷೇತ್ರದ ಅನಿಲದಲ್ಲಿದ್ದ ದೋಷ. ಅದರಲ್ಲಿ ನೂರಕ್ಕೆ 4ರಿಂದ 9ರಷ್ಟು ಇಂಗಾಲದ ಡೈ ಆಕ್ಸೈಡ್ ಬೆರೆತಿತ್ತು. ಉರಿಯದ ಈ ಅನಿಲ ಹೆಚ್ಚಿದ್ದರೆ ಗಿರಾಕಿ ಒಪ್ಪುವುದಿಲ್ಲ. ಒಪ್ಪಂದದ ಪ್ರಕಾರ ಅದು ಶೇಕಡ 2.5ನ್ನು ಮೀರುವಂತಿರಲಿಲ್ಲ. ಹಾಲಿಗೆ ಬೆರೆತ ನೀರನ್ನು ತೆಗೆದೇ ಮಾರಬೇಕು. ತೆಗೆಯುವ ವಿದ್ಯೆ ಹೊಸದೇನಲ್ಲ. ಅಮೀನ್ ಎಂಬ ರಾಸಾಯನಿಕದ ದ್ರಾವಣ ತಣ್ಣಗಿದ್ದಾಗ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುತ್ತದೆ, ಕಾಯಿಸಿದಾಗ ಬಿಟ್ಟುಕೊಡುತ್ತದೆ. ಅಮೆರಿಕದಲ್ಲಿ 1930ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಯೂರಿಯಾ ಗೊಬ್ಬರದ ಕಾರ್ಖಾನೆಗಳಲ್ಲೂ ಇದೇ ಅನಿಲವನ್ನು ದ್ರಾವಣಗಳ ನೆರವಿನಿಂದ ಬೇರ್ಪಡಿಸಿ ಗೊಬ್ಬರಕ್ಕೆ ಬಳಸುತ್ತಾರೆ. ಹಾಗೆ ಬೇರ್ಪಡಿಸಿದ ಅನಿಲ ಬೇಡವಾದರೆ ಗಾಳಿಗೆ ಬಿಡುವುದು ಎಲ್ಲ ಕಡೆಯ ರೂಢಿ. ಸ್ಲೈಪ್ನರ್‌ನಲ್ಲಿ ಹಾಗೆ ಬಿಟ್ಟಿದ್ದರೆ ವರ್ಷಕ್ಕೆ ಸುಮಾರು 10 ಲಕ್ಷ ಟನ್. ಒಂದೇ ಒಂದು ಅನಿಲ ಕ್ಷೇತ್ರದಿಂದ ನಾರ್ವೆಯ ಇಡೀ ದೇಶದ ವಿಸರ್ಜನೆ ಸುಮಾರು ಶೇಕಡ 3ರಷ್ಟು ಏರುತ್ತಿತ್ತು. ಸುಂಕದ ಲೆಕ್ಕದಲ್ಲಿ ದಿನಕ್ಕೆ ಹತ್ತು ಲಕ್ಷ ಕ್ರೋನ್ ಕಟ್ಟಬೇಕಿತ್ತು.

ಈ ದಿನಕ್ಕೆ ಹತ್ತು ಲಕ್ಷದ ಲೆಕ್ಕವೇ ಎಂಜಿನಿಯರುಗಳನ್ನು ಬೇರೆ ದಾರಿ ಹುಡುಕಲು ಹಚ್ಚಿತು. ಇಂಗಾಲದ ಡೈ ಆಕ್ಸೈಡನ್ನು ನೆಲದೊಳಗೆ ತಳ್ಳುವುದೂ ಗೊತ್ತಿಲ್ಲದ ವಿದ್ಯೆಯಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ 1972ರಿಂದಲೇ ಹಳೆಯ ಬಾವಿಗಳಲ್ಲಿ ಉಳಿದ ತೈಲವನ್ನು ಹೊರಡಿಸಲು ಅದನ್ನು ಬಳಸುತ್ತಿದ್ದರು. ಆದರೆ ಅಲ್ಲಿ ಉದ್ದೇಶ ತೈಲ. ವಾತಾವರಣಕ್ಕೆ ಹೋಗದಿರಲಿ ಎಂಬ ಒಂದೇ ಕಾರಣಕ್ಕೆ ಇಷ್ಟು ಭಾರಿ ಪ್ರಮಾಣದಲ್ಲಿ ನೆಲದಡಿ ಹೂಳುವ ಕೆಲಸವನ್ನು ಅದುವರೆಗೆ ಯಾರೂ ಕೈಗೆತ್ತಿಕೊಂಡಿರಲಿಲ್ಲ. ತಳ್ಳುವ ಯಂತ್ರ ಮತ್ತು ಬಾವಿಗೆ ತಗಲುವ ಹೆಚ್ಚಿನ ವೆಚ್ಚ ಸುಮಾರು 8 ಕೋಟಿ ಡಾಲರ್. ಸುಂಕ ಕಟ್ಟಿದರೆ ಆ ಹಣ ಎರಡು ವರ್ಷದೊಳಗೇ ಕರಗಿಹೋಗುತ್ತಿತ್ತು.

ಇಲ್ಲಿ ತೆರಿಗೆಯ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ನಾರ್ವೆಯಲ್ಲಿ ತೈಲ ಕಂಪನಿಗಳ ಲಾಭದ ಮೇಲಿನ ತೆರಿಗೆ 1992ರ ಸುಧಾರಣೆಯ ನಂತರ ಶೇಕಡ 78. ಹೊಗೆ ಸುಂಕವನ್ನು ಖರ್ಚೆಂದು ತೋರಿಸಿ ಲಾಭದಿಂದ ಕಳೆಯಬಹುದು. ಅಂದರೆ ಸುಂಕದ ಒಂದು ಕ್ರೋನಿನಲ್ಲಿ ಕಂಪನಿಯ ಕಿಸೆಯಿಂದ ಹೋಗುವುದು 22 ಓರೆ ಮಾತ್ರ. ಹಾಗಾದರೆ ಸುಂಕಕ್ಕೆ ಹಲ್ಲೇ ಇಲ್ಲವಲ್ಲ ಎನಿಸಬಹುದು. ಆದರೆ ಹೊಗೆ ತಡೆಯುವ ಯಂತ್ರಕ್ಕೆ ಹಾಕಿದ ಹಣಕ್ಕೂ ಇದೇ ರಿಯಾಯಿತಿ ಉಂಟು. ಎರಡು ಕಡೆಯ ತಕ್ಕಡಿಯಿಂದಲೂ ಒಂದೇ ಪ್ರಮಾಣದ ತೂಕ ಇಳಿದಾಗ ಮುಳ್ಳು ಇದ್ದಲ್ಲೇ ಇರುತ್ತದೆ. ಹೊಸ ತಂತ್ರ ಸೋತರೆ ನಷ್ಟದ ದೊಡ್ಡ ಪಾಲನ್ನು ಸರ್ಕಾರವೇ ಹೊರುತ್ತದೆ. ಹಿಂದೆ ಯಾರೂ ಮಾಡದ ಕೆಲಸಕ್ಕೆ ಕಂಪನಿ ಧೈರ್ಯ ಮಾಡಿದ್ದರಲ್ಲಿ ಇದರ ಪಾತ್ರ ಸಣ್ಣದಲ್ಲ ಎಂದು ನನಗನಿಸುತ್ತದೆ. ಹೊಗೆ ಸುಂಕವನ್ನು ಹೊಗಳುವವರು ಈ ಮಾತನ್ನು ಮರೆಯುವುದೇ ಹೆಚ್ಚು.

ಎಂಟುನೂರು ಮೀಟರ್ ಕೆಳಗೆ

ಎಲ್ಲಿ ಹೂಳುವುದು? ಸ್ಲೈಪ್ನರ್‌ನಲ್ಲಿ ಮಾರಾಟದ ಅನಿಲ ಇರುವುದು ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ. ಅದಕ್ಕಿಂತ ಬಹಳ ಮೇಲೆ, ಸಮುದ್ರ ಮಟ್ಟದಿಂದ 800ರಿಂದ 1,000 ಮೀಟರ್ ಕೆಳಗೆ, ಉತ್ಸಿರಾ ಎಂಬ ಮರಳುಗಲ್ಲಿನ ಪದರವಿದೆ. ನಾರ್ವೆಯ ಕರಾವಳಿಯ ಒಂದು ಪುಟ್ಟ ದ್ವೀಪದ ಹೆಸರು ಅದಕ್ಕೆ. ಕಲ್ಲು ಎಂದರೂ ಅದು ಇನ್ನೂ ಗಟ್ಟಿಯಾಗದ ಮರಳೇ. ಗಾತ್ರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬರೀ ರಂಧ್ರ, ಅದರ ತುಂಬ ಉಪ್ಪುನೀರು. ಆ ನೀರು ಕುಡಿಯಲಿಕ್ಕಿಲ್ಲ, ಯಾರಿಗೂ ಬೇಡ. ಪದರದ ನೆತ್ತಿಯ ಮೇಲೆ ನೂರಾರು ಮೀಟರ್ ದಪ್ಪದ ಜೇಡಿಕಲ್ಲಿನ ಮುಚ್ಚಳ.

ಆಳ ಎಂಟುನೂರು ಮೀಟರ್ ಇರಬೇಕಾದ್ದಕ್ಕೂ ಕಾರಣವುಂಟು. 31 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ, 73 ಪಟ್ಟು ವಾಯುಭಾರಕ್ಕಿಂತ ಹೆಚ್ಚಿನ ಒತ್ತಡ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಅನಿಲವೂ ಅಲ್ಲದ ದ್ರವವೂ ಅಲ್ಲದ ದಟ್ಟ ಸ್ಥಿತಿಗೆ ಬರುತ್ತದೆ. ಮೇಲೆ ಮುನ್ನೂರು ಬಿಂದಿಗೆ ತುಂಬುವಷ್ಟು ಅನಿಲ ಅಲ್ಲಿ ಸರಿಸುಮಾರು ಒಂದೇ ಬಿಂದಿಗೆಯಲ್ಲಿ ಹಿಡಿಯುತ್ತದೆ. 1996ರ ಶರತ್ಕಾಲದಲ್ಲಿ ವೇದಿಕೆಯಿಂದ ಓರೆಯಾಗಿ ಕೊರೆದ ಬಾವಿಯ ಮೂಲಕ ಅದನ್ನು ಇಳಿಸತೊಡಗಿದರು.

ವಿಚಿತ್ರವೆಂದರೆ, ಹೀಗೆ ಮಾಡಲು ಆಗ ನಿರ್ದಿಷ್ಟ ಕಾನೂನೇ ಇರಲಿಲ್ಲ. ತೈಲ ತೆಗೆಯುವ ಕಾಯಿದೆಯಡಿಯಲ್ಲೇ ಅನುಮತಿ ಸಿಕ್ಕಿತು. ಸಮುದ್ರಕ್ಕೆ ತ್ಯಾಜ್ಯ ಎಸೆಯುವುದನ್ನು ತಡೆಯುವ ಅಂತಾರಾಷ್ಟ್ರೀಯ ಒಪ್ಪಂದಗಳ ಪ್ರಕಾರ ಇದು ಕಸ ಎಸೆದಂತೆಯೇ ಅಲ್ಲವೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಲಂಡನ್ ಒಪ್ಪಂದಕ್ಕೆ 2006ರಲ್ಲಿ ತಿದ್ದುಪಡಿ ತಂದು ಸಮುದ್ರತಳದ ಅಡಿಯ ಪದರಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಸಂಗ್ರಹಿಸಲು ಅವಕಾಶ ಕೊಟ್ಟಾಗ ಸ್ಲೈಪ್ನರ್‌ನ ಬಾವಿ ಹತ್ತು ವರ್ಷ ಕೆಲಸ ಮಾಡಿ ಮುಗಿಸಿತ್ತು.

ಹೂತದ್ದು ಅಲ್ಲೇ ಇದೆಯೇ? ಸಂಶಯ ಪಡುವವರು ಕೇಳಬೇಕಾದ ಪ್ರಶ್ನೆ ಇದೇ. ಸಮುದ್ರದ ಮೇಲಿನಿಂದ ಶಬ್ದದ ಅಲೆಗಳನ್ನು ಕಳಿಸಿ, ಕಲ್ಲಿನ ಪದರಗಳಿಂದ ಮರಳುವ ಪ್ರತಿಧ್ವನಿಯನ್ನು ಓದಿ ಚಿತ್ರ ಬಿಡಿಸುವ ವಿಧಾನವೊಂದಿದೆ. ಬಸುರಿಯ ಹೊಟ್ಟೆಯ ಸ್ಕ್ಯಾನಿಂಗ್ ಇದ್ದಂತೆ. ಹೂಳುವ ಮೊದಲು, 1994ರಲ್ಲಿ, ಒಂದು ಚಿತ್ರ ತೆಗೆದಿದ್ದರು. 1999ರಲ್ಲಿ ಇನ್ನೊಂದು ತೆಗೆದು ಹೋಲಿಸಿದಾಗ ಉಪ್ಪುನೀರಿನ ನಡುವೆ ಇಂಗಾಲದ ಡೈ ಆಕ್ಸೈಡ್ ಒಂಬತ್ತು ತೆಳು ಪದರಗಳಾಗಿ, ತಟ್ಟೆಯ ಮೇಲೆ ತಟ್ಟೆ ಜೋಡಿಸಿದಂತೆ ಹರಡಿದ್ದು ಕಂಡಿತು. ಮರಳಿನೊಳಗಿನ ಸಣ್ಣ ಜೇಡಿ ಪದರಗಳನ್ನು ದಾಟಿ ಮೂರೇ ವರ್ಷಗಳಲ್ಲಿ ಅದು ನೆತ್ತಿಯವರೆಗೆ ಏರಿತ್ತು. ಇದು ವಿಜ್ಞಾನಿಗಳು ಎಣಿಸಿದ್ದಕ್ಕಿಂತ ವೇಗ. ಆದರೆ ಮೇಲಿನ ದಪ್ಪ ಮುಚ್ಚಳವನ್ನು ದಾಟಿದ ಕುರುಹು ಅಂದೂ ಕಾಣಲಿಲ್ಲ, ಆಮೇಲೆ ಹಲವು ಬಾರಿ ತೆಗೆದ ಚಿತ್ರಗಳಲ್ಲೂ ಕಾಣಲಿಲ್ಲ. ಅನಿಲದ ಉತ್ಪಾದನೆ ಇಳಿದಂತೆ ಹೂಳುವ ಪ್ರಮಾಣವೂ ಇಳಿದಿದೆ.

ಎಲ್ಲ ಕಡೆ ಇಷ್ಟು ಸಲೀಸಾಗಲಿಲ್ಲ. ಉತ್ತರ ಧ್ರುವವೃತ್ತದಾಚೆಯ ಸ್ನೋವಿಟ್ ಕ್ಷೇತ್ರದಲ್ಲಿ ಇದೇ ಕಂಪನಿ 2008ರಲ್ಲಿ ಇಂಗಾಲದ ಡೈ ಆಕ್ಸೈಡ್ ಹೂಳಲು ಹೊರಟಾಗ ಕಲ್ಲು ಅಂದುಕೊಂಡಷ್ಟು ಹೀರಲಿಲ್ಲ. ಒತ್ತಡ ಏರುತ್ತ ಹೋಯಿತು. 2011ರಲ್ಲಿ ಬೇರೆ ಪದರಕ್ಕೆ ಬದಲಾಯಿಸಬೇಕಾಯಿತು. ಆಸ್ಟ್ರೇಲಿಯದ ಗಾರ್ಗನ್ ಅನಿಲ ಯೋಜನೆಗೆ ಅಲ್ಲಿನ ಸರ್ಕಾರ ಸುಂಕದ ಬದಲು ಷರತ್ತು ವಿಧಿಸಿತ್ತು: ನೆಲದಿಂದ ಬಂದ ಇಂಗಾಲದ ಡೈ ಆಕ್ಸೈಡಿನಲ್ಲಿ ಶೇಕಡ 80ರಷ್ಟನ್ನು ನೆಲಕ್ಕೇ ಮರಳಿಸಬೇಕು ಎಂದು. 2016ರಲ್ಲಿ ಅನಿಲ ಮಾರಾಟ ಆರಂಭವಾಯಿತು. ಹೂಳುವ ಕೆಲಸ ಆರಂಭವಾದದ್ದು 2019ರ ಆಗಸ್ಟಿನಲ್ಲಿ, ಅದೂ ಗುರಿಗಿಂತ ಬಹಳ ಕೆಳಗೆ. ಸುಂಕವಿದ್ದಲ್ಲಿ ತಡವಾದ ಪ್ರತಿ ದಿನಕ್ಕೂ ಬೆಲೆ ತೆರಬೇಕು. ಷರತ್ತಿನಲ್ಲಿ ಲೆಕ್ಕ ಕೇಳುವ ದಿನವನ್ನು ಮುಂದೂಡುತ್ತ ಹೋಗಬಹುದು.

ನಾರ್ವೆಯವರೂ ಎಲ್ಲದರಲ್ಲಿ ಗೆದ್ದವರಲ್ಲ. ಅನಿಲದಿಂದ ವಿದ್ಯುತ್ ತಯಾರಿಸುವ ಸ್ಥಾವರಗಳಿಗೆ ಹೊಗೆಯ ನಿಯಮ ಸಡಿಲಿಸಬೇಕೇ ಬೇಡವೇ ಎಂಬ ಜಗಳದಲ್ಲಿ 2000ದ ಮಾರ್ಚಿನಲ್ಲಿ ಬೋಂದೆವಿಕ್ ಸರ್ಕಾರವೇ ಉರುಳಿತು. 2007ರ ಹೊಸ ವರ್ಷದ ಭಾಷಣದಲ್ಲಿ ಪ್ರಧಾನಿ ಸ್ಟೋಲ್ಟನ್‌ಬರ್ಗ್ ಮೊಂಗ್‌ಸ್ಟಾಡ್‌ನ ಸ್ಥಾವರದ ಹೊಗೆಯನ್ನೆಲ್ಲ ಹಿಡಿದು ಹೂಳುವುದನ್ನು ಚಂದ್ರನ ಮೇಲೆ ಇಳಿಯುವ ಸಾಹಸಕ್ಕೆ ಹೋಲಿಸಿದರು. 2013ರಲ್ಲಿ, ವೆಚ್ಚ ಕೈಮೀರಿ, ಆ ಪೂರ್ಣ ಯೋಜನೆಯನ್ನು ಕೈಬಿಡಲಾಯಿತು. ಚಿಮಣಿಯ ಹೊಗೆಯಲ್ಲಿ ಇಂಗಾಲದ ಡೈ ಆಕ್ಸೈಡ್ ತೆಳುವಾಗಿರುತ್ತದೆ, ಹಿಡಿಯುವುದು ದುಬಾರಿ. ಸ್ಲೈಪ್ನರ್‌ನಲ್ಲಿ ಗಿರಾಕಿಗಾಗಿ ಅದನ್ನು ಹೇಗೂ ಹಿಡಿಯಲೇಬೇಕಿತ್ತು, ಹೂಳುವ ಖರ್ಚಷ್ಟೇ ಹೆಚ್ಚಿನದು. ಸುಂಕ ಯಾವ ಬಾಗಿಲನ್ನು ತೆರೆಯುತ್ತದೆ ಎಂಬುದು ಆ ಬಾಗಿಲು ಎಷ್ಟು ಭಾರವಿದೆ ಎಂಬುದರ ಮೇಲೂ ನಿಂತಿದೆ.

ದಡದಿಂದ ಕರೆಂಟು

ತೈಲ ವೇದಿಕೆಗಳ ಹೊಗೆಯಲ್ಲಿ ಬಹುಪಾಲು ಬರುವುದು ಚಿಮಣಿಯ ಜ್ವಾಲೆಯಿಂದಲ್ಲ, ಅನಿಲ ಟರ್ಬೈನುಗಳಿಂದ. ನೂರಾರು ಜನ ವಾಸಿಸುವ, ಪಂಪುಗಳು ಹಗಲಿರುಳು ತಿರುಗುವ ವೇದಿಕೆಗೆ ಊರೊಂದಕ್ಕೆ ಬೇಕಾದಷ್ಟು ವಿದ್ಯುತ್ ಬೇಕು. ಕೈಯಲ್ಲೇ ಅನಿಲವಿರುವಾಗ ಅದನ್ನೇ ಉರಿಸಿ ಟರ್ಬೈನು ತಿರುಗಿಸುವುದು ರೂಢಿ. ಆ ಟರ್ಬೈನುಗಳಲ್ಲಿ ಶಾಖದ ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ, ಉಳಿದದ್ದು ಬಿಸಿ ಹೊಗೆಯಾಗಿ ಹೋಗುತ್ತದೆ. ಸುಂಕ ಬಂದ ಮೇಲೆ ಓಸೆಬರ್ಗ್, ಎಲ್ಡ್‌ಫಿಸ್ಕ್, ಸ್ನೊರೆ ಕ್ಷೇತ್ರಗಳಲ್ಲಿ ಆ ಬಿಸಿಯಿಂದ ಹಬೆ ಎಬ್ಬಿಸಿ ಇನ್ನಷ್ಟು ವಿದ್ಯುತ್ ತೆಗೆಯುವ ಉಪಕರಣಗಳು ಬಂದವು. ಜಾಗ ಇಕ್ಕಟ್ಟು, ತೂಕದ ಮಿತಿ ಕಟ್ಟುನಿಟ್ಟು. ನೆಲದ ಮೇಲೆ ಸಾಮಾನ್ಯವಾದ ಈ ತಂತ್ರ ಸಮುದ್ರದ ಮೇಲೆ ಅಪರೂಪವಾಗಿತ್ತು.

ಇನ್ನೊಂದು ದಾರಿ ದಡದಿಂದಲೇ ತಂತಿ ಎಳೆಯುವುದು. 1995ರಲ್ಲಿ ಸಮುದ್ರಕ್ಕೆ ಎಳೆದೊಯ್ದ, 472 ಮೀಟರ್ ಎತ್ತರದ ಟ್ರೋಲ್-ಎ ವೇದಿಕೆಗೆ ಆರಂಭದಿಂದಲೇ ನೆಲದ ಜಲವಿದ್ಯುತ್ ಹರಿಯಿತು. 1996ರಲ್ಲಿ ಸಂಸತ್ತು, ಹೊಸ ಕ್ಷೇತ್ರ ತೆರೆಯುವವರೆಲ್ಲ ದಡದ ವಿದ್ಯುತ್ತಿನ ಸಾಧ್ಯತೆಯನ್ನು ಪರಿಶೀಲಿಸಿ ವರದಿ ಕೊಡಲೇಬೇಕೆಂದು ವಿಧಿಸಿತು. ಪರಿಶೀಲಿಸಿ ಎಂದರೆ ಪರಿಶೀಲಿಸಿದರು. ದುಬಾರಿ ಎಂದು ಬರೆದು ಬದಿಗಿಟ್ಟದ್ದೂ ಉಂಟು. 2014ರಲ್ಲಿ ಯೋಹಾನ್ ಸ್ವೆರ್ಡ್ರುಪ್ ಎಂಬ ಭಾರಿ ನಿಕ್ಷೇಪದ ಸರದಿ ಬಂದಾಗ ಸಂಸತ್ತಿನ ಬಹುಮತ ಕಂಪನಿಗಳ ಹಾಗೂ ಮಂತ್ರಿಗಳ ಹಿಂಜರಿಕೆಯನ್ನು ಬದಿಗೊತ್ತಿ, ಅಕ್ಕಪಕ್ಕದ ಕ್ಷೇತ್ರಗಳಿಗೂ ಸೇರಿಸಿ ದಡದ ವಿದ್ಯುತ್ ಕೊಡಲೇಬೇಕೆಂದು ಪಟ್ಟು ಹಿಡಿಯಿತು. 2019ರ ಅಕ್ಟೋಬರಿನಲ್ಲಿ ಅಲ್ಲಿಂದ ತೈಲ ಬರತೊಡಗಿತು. ಅಲ್ಲಿ ಒಂದು ಬ್ಯಾರಲ್ ತೈಲ ತೆಗೆಯಲು ಹೊರಬೀಳುವ ಇಂಗಾಲದ ಡೈ ಆಕ್ಸೈಡ್ ಒಂದು ಕಿಲೋಗಿಂತ ಕಡಿಮೆ. ಜಗತ್ತಿನ ಸರಾಸರಿ ಸುಮಾರು 15 ಕಿಲೋ ಎಂದು ಕಂಪನಿ ಹೋಲಿಸಿ ಹೇಳಿಕೊಳ್ಳುತ್ತದೆ. 2023ರಲ್ಲಿ ಉದ್ಘಾಟನೆಯಾದ ಹೈವಿಂಡ್ ಟಾಂಪೆನ್ ಎಂಬಲ್ಲಿ ನೀರಿನ ಮೇಲೆ ತೇಲುವ 11 ಗಾಳಿಯಂತ್ರಗಳು ಎರಡು ಹಳೆಯ ತೈಲಕ್ಷೇತ್ರಗಳಿಗೆ ವಿದ್ಯುತ್ತಿನ ಒಂದು ಪಾಲು ಒದಗಿಸುತ್ತಿವೆ. ಗಾಳಿಯಿಂದ ತೈಲ ತೆಗೆಯುವುದು! ಕೇಳುವಾಗ ನಗು ಬಂದರೆ ತಪ್ಪಿಲ್ಲ.

ಒಂದು ಕಿಲೋ ಎಂಬ ಆ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ತೆಗೆದ ಬ್ಯಾರಲ್ ಎಲ್ಲೋ ಒಂದು ಕಡೆ ಕಾರಿನಲ್ಲೋ ಬಾಯ್ಲರಿನಲ್ಲೋ ಉರಿದಾಗ ಬರುವ ಇಂಗಾಲದ ಡೈ ಆಕ್ಸೈಡ್ 400 ಕಿಲೋಗೂ ಹೆಚ್ಚು. ನಾರ್ವೆ ತನ್ನ ತೈಲ, ಅನಿಲವನ್ನು ಬಹುತೇಕ ಪೂರ್ತಿ ರಫ್ತು ಮಾಡುತ್ತದೆ; ಆ ಹೊಗೆ ಕೊಂಡವರ ಲೆಕ್ಕಕ್ಕೆ ಸೇರುತ್ತದೆ. ಸುಂಕದಿಂದ ತೊಳೆದದ್ದು ಬಾವಿಯ ಕಟ್ಟೆಯನ್ನು, ನೀರನ್ನಲ್ಲ. ಕಟ್ಟೆಯಾದರೂ ಪೂರ್ತಿ ಒಣಗಿತೇ ಎಂದರೆ ಅದೂ ಇಲ್ಲ. ಬ್ಯಾರಲ್ ಲೆಕ್ಕದಲ್ಲಿ ಹೊಗೆ ಇಳಿದರೂ ಉತ್ಪಾದನೆ ಹೆಚ್ಚಿದ್ದರಿಂದ ವೇದಿಕೆಗಳ ಒಟ್ಟು ಹೊಗೆ 1990ರ ನಂತರದ ವರ್ಷಗಳಲ್ಲಿ ಏರಿತು. ನಾರ್ವೆಯ ಅಂಕಿಸಂಖ್ಯಾ ಇಲಾಖೆಯ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1990ರಿಂದ 1999ರವರೆಗೆ ಈ ಸುಂಕದಿಂದ ಇಡೀ ದೇಶದ ವಿಸರ್ಜನೆಯಲ್ಲಿ ಆದ ಇಳಿಕೆ ಶೇಕಡ ಎರಡರ ಆಸುಪಾಸು ಮಾತ್ರ. ಸ್ಪರ್ಧೆಯ ಹೆಸರಿನಲ್ಲಿ ಹಲವು ಕಾರ್ಖಾನೆಗಳಿಗೆ ವಿನಾಯಿತಿ ಕೊಟ್ಟದ್ದು ಇದಕ್ಕೆ ಒಂದು ಕಾರಣ.

ಆದರೂ ಸ್ಲೈಪ್ನರ್ ಇಲ್ಲದಿದ್ದರೆ, ಸಮುದ್ರದಡಿಯ ಮರಳಿನಲ್ಲಿ ಹೂತ ಅನಿಲ ದಶಕಗಳ ಕಾಲ ಅಲ್ಲೇ ನಿಲ್ಲುತ್ತದೆಂದು ಹೇಳಲು ಇಂದು ಇಷ್ಟು ದೊಡ್ಡ ಆಧಾರ ಇರುತ್ತಿರಲಿಲ್ಲ. ತೈಲದ ನಂಟೇ ಇಲ್ಲದ ಉದ್ಯಮಗಳಿಗೆ ಅದರ ಪ್ರಯೋಜನ ಈಗ ಸಿಗುತ್ತಿದೆ. ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣದಕಲ್ಲನ್ನು ಕಾಯಿಸಿದಾಗ ಕಲ್ಲಿನಿಂದಲೇ ಇಂಗಾಲದ ಡೈ ಆಕ್ಸೈಡ್ ಬರುತ್ತದೆ. ಯಾವ ಇಂಧನ ಬಳಸಿದರೂ ಅದು ತಪ್ಪುವುದಿಲ್ಲ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ ಹಿಡಿದ ಈ ಅನಿಲವನ್ನು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಸಾಗಿಸಿ, ಸಮುದ್ರತಳದಿಂದ ಎರಡೂವರೆ ಕಿಲೋಮೀಟರಿಗೂ ಆಳದಲ್ಲಿ ಹೂಳುವ ಕೆಲಸ 2025ರಲ್ಲಿ ಆರಂಭವಾಗಿದೆ.

ಸುಂಕವೂ ಏರುತ್ತಿದೆ. 2030ರ ಹೊತ್ತಿಗೆ ಟನ್ನಿಗೆ 2,000 ಕ್ರೋನ್ ಮುಟ್ಟಿಸುವುದಾಗಿ ಸರ್ಕಾರ 2021ರಲ್ಲಿ ಪ್ರಕಟಿಸಿತು. ಅದರ ಬಿಸಿ ಈಗ ಬೇರೆಯವರಿಗೂ ತಟ್ಟುತ್ತಿದೆ. ಹ್ಯಾಮರ್‌ಫೆಸ್ಟ್ ಬಳಿಯ ಮೆಲ್ಕೊಯ ದ್ವೀಪದಲ್ಲಿ ಸ್ನೋವಿಟ್‌ನ ಅನಿಲವನ್ನು ದ್ರವ ಮಾಡುವ ಕಾರ್ಖಾನೆಯ ಟರ್ಬೈನುಗಳನ್ನು ನಿಲ್ಲಿಸಿ ಗ್ರಿಡ್ ವಿದ್ಯುತ್ ಕೊಡುವ ಯೋಜನೆಗೆ 2023ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. ವರ್ಷಕ್ಕೆ ಎಂಟೂವರೆ ಲಕ್ಷ ಟನ್ ಹೊಗೆ ತಪ್ಪುತ್ತದೆ ಎಂಬುದು ಲೆಕ್ಕ. ಆದರೆ ಅಷ್ಟು ವಿದ್ಯುತ್ತನ್ನು ಒಂದೇ ಕಾರ್ಖಾನೆಗೆ ಕೊಟ್ಟರೆ ನಮ್ಮ ಮನೆಯ ಬಿಲ್ ಏನಾಗುತ್ತದೆ ಎಂದು ಉತ್ತರದ ಜನ ಕೇಳುತ್ತಿದ್ದಾರೆ. ಹೊಸ ವಿದ್ಯುತ್ ಮಾರ್ಗ ಹಾಯುವ ಬಯಲುಗಳಲ್ಲಿ ತಲತಲಾಂತರದಿಂದ ಹಿಮಸಾರಂಗ ಮೇಯಿಸಿಕೊಂಡು ಬಂದ ಸಾಮಿ ಜನರು ತಮ್ಮ ಮೇವಿನ ನೆಲ ತುಂಡಾಗುತ್ತದೆ ಎಂದು ವಿರೋಧಿಸುತ್ತಿದ್ದಾರೆ.